ಚಳಿಗೆ ಮಂಕಾಗುವ ಮೊಬೈಲ್ ಪರದೆ

ಡಿಸೆಂಬರ್ ತಿಂಗಳ ಬೆಳಿಗ್ಗೆ ಬಚ್ಚಲುಮನೆಯ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿ. ಒಂದು ತೊಟ್ಟೂ ಬೀಳುವುದಿಲ್ಲ. ಹಿಂದಿನ ಮಧ್ಯಾಹ್ನ ನೀರಿನಂತೆ ಹರಿಯುತ್ತಿದ್ದ ಎಣ್ಣೆ ಬೆಳಗಾಗುವುದರೊಳಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಎಣ್ಣೆ ಕೆಟ್ಟಿತೆಂದು ಯಾರೂ ಬಾಟಲಿಯನ್ನು ಎಸೆಯುವುದಿಲ್ಲ. ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟರೆ ಅದು ಮೊದಲಿನಂತೆ ಆಗುತ್ತದೆ ಎಂಬುದು ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು.

ನಮ್ಮ ಜೇಬಿನಲ್ಲಿರುವ ಮೊಬೈಲ್ ಫೋನಿನ ಪರದೆಯೊಳಗೂ ಇಂಥದೇ ಒಂದು ದ್ರವ ಇರುತ್ತದೆ ಎಂದರೆ ಎಷ್ಟೋ ವಿದ್ಯಾರ್ಥಿಗಳು ನಂಬುವುದಿಲ್ಲ. ಗಾಜಿನ ಹಾಗೆ ಗಟ್ಟಿಯಾಗಿರುವ ವಸ್ತುವಿನೊಳಗೆ ದ್ರವವೆಲ್ಲಿಂದ ಬಂತು ಎಂದು ಕೇಳುತ್ತಾರೆ. ಆದರೆ ಆ ದ್ರವ ಇರುವುದು ನಿಜ. ಚಳಿಗೆ ಅದು ಮಂದವಾಗುವುದೂ ನಿಜ. ಕೊಬ್ಬರಿ ಎಣ್ಣೆಯ ಬಗ್ಗೆ ನಾವು ತೋರಿಸುವ ತಾಳ್ಮೆಯನ್ನು ಫೋನಿನ ಬಗ್ಗೆ ತೋರಿಸುವುದಿಲ್ಲ ಎಂಬುದೂ ಅಷ್ಟೇ ನಿಜ.

ನಮ್ಮ ಕರ್ನಾಟಕದಲ್ಲಿ ಈ ಪ್ರಶ್ನೆ ಏಳುವುದು ಅಪರೂಪ. ಬೀದರಿನಲ್ಲಿ ಚಳಿಗಾಲದ ಕೆಲವು ಬೆಳಗುಗಳಲ್ಲಿ ಉಷ್ಣತೆ ಒಂದಂಕಿಗೆ ಇಳಿದರೂ ಫೋನಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಇಂದು ನಮ್ಮ ಊರುಗಳ ಮಕ್ಕಳು ಓದಲೆಂದು ಕೆನಡಾಕ್ಕೆ, ಜರ್ಮನಿಗೆ ಹೋಗುತ್ತಾರೆ. ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಸೈನ್ಯಕ್ಕೆ ಸೇರಿದವರು ಲಡಾಖಿನಲ್ಲಿ ಕಾವಲು ನಿಲ್ಲುತ್ತಾರೆ. ಅಲ್ಲಿ ಜನವರಿಯ ಬಯಲಿನಲ್ಲಿ ಫೋನಿನ ಪರದೆ ಮಂಕಾದರೆ ನಕ್ಷೆಯೂ ಇಲ್ಲ, ಬಸ್ಸಿನ ಟಿಕೆಟೂ ಇಲ್ಲ, ಕರೆ ಮಾಡಲು ಅಂಕಿಯೂ ಕಾಣುವುದಿಲ್ಲ. ಇತ್ತ ಊರಿನಲ್ಲಿ ತಂದೆ ತಾಯಿಗೆ ‘ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ’ ಎಂಬ ಧ್ವನಿ ಕೇಳಿದರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಚಳಿಯಲ್ಲಿ ಫೋನಿಗೆ ಏನಾಗುತ್ತದೆ, ಏಕೆ ಆಗುತ್ತದೆ, ಆಗ ಏನು ಮಾಡಬೇಕು ಎಂಬುದನ್ನು ಹೋಗುವವರೂ ಕಳುಹಿಸುವವರೂ ತಿಳಿದಿರುವುದು ಒಳ್ಳೆಯದು.

ಎರಡು ಬಗೆಯ ಪರದೆಗಳು

ಇಂದಿನ ಮೊಬೈಲ್ ಫೋನುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಪರದೆಗಳಿವೆ. ಒಂದು ಎಲ್‌ಸಿಡಿ, ಅಂದರೆ ದ್ರವ ಸ್ಫಟಿಕದ ಪರದೆ. ಇನ್ನೊಂದು ಒಎಲ್‌ಇಡಿ, ಅಂಗಡಿಯವರು ಇದರ ಒಂದು ರೂಪವನ್ನು ಅಮೊಲೆಡ್ ಎನ್ನುತ್ತಾರೆ. ಕಡಿಮೆ ಬೆಲೆಯ ಫೋನುಗಳಲ್ಲಿ ಹೆಚ್ಚಾಗಿ ಮೊದಲನೆಯದು, ದುಬಾರಿ ಫೋನುಗಳಲ್ಲಿ ಎರಡನೆಯದು ಇರುತ್ತದೆ.

ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಅದರ ಹಿಂದೆ ಬಿಳಿಯ ದೀಪವಿರುತ್ತದೆ. ಆ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ತೀರ್ಮಾನಿಸುವ ಲಕ್ಷಾಂತರ ಪುಟ್ಟ ಕಿಟಕಿಗಳೇ ಪರದೆ. ಈ ಕಿಟಕಿಗಳ ಬಾಗಿಲು ದ್ರವ ಸ್ಫಟಿಕದ್ದು. ಒಎಲ್‌ಇಡಿ ಪರದೆಯಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ಒಂದು ದೀಪ. ವಿದ್ಯುತ್ ಹರಿದಾಗ ಅಲ್ಲಿನ ಸಾವಯವ ಪದಾರ್ಥದ ತೆಳು ಪದರ ಬೆಳಗುತ್ತದೆ. ಅದರಲ್ಲಿ ದ್ರವವೇ ಇಲ್ಲ. ಚಳಿಯ ಕಥೆಯಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ.

ಎರಡು ಸಲ ಕರಗಿದ ಪದಾರ್ಥ

ದ್ರವ ಸ್ಫಟಿಕ ಎಂಬ ಹೆಸರೇ ವಿಚಿತ್ರ. ಸ್ಫಟಿಕವೆಂದರೆ ಸಕ್ಕರೆಯ ಹರಳಿನಂತೆ, ಕಲ್ಲುಪ್ಪಿನಂತೆ ಘನವಾದದ್ದು. ದ್ರವವೆಂದರೆ ಹರಿಯುವಂಥದ್ದು. ಎರಡೂ ಒಂದೇ ವಸ್ತುವಿನಲ್ಲಿ ಇರುವುದು ಹೇಗೆ?

1888ರಲ್ಲಿ ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೆಡರಿಕ್ ರೈನಿಟ್ಸರ್ ಕೊಲೆಸ್ಟೆರಾಲ್‌ಗೆ ಸಂಬಂಧಿಸಿದ ಪದಾರ್ಥಗಳನ್ನು ಪರೀಕ್ಷಿಸುತ್ತಿದ್ದರು. ಅವುಗಳಲ್ಲಿ ಕೊಲೆಸ್ಟೆರಿಲ್ ಬೆಂಜೋಯೇಟ್ ಎಂಬ ಒಂದು ಪದಾರ್ಥ ಎರಡು ಸಲ ಕರಗಿತು! 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನರೂಪ ಹೋಗಿ ಹಾಲಿನಂತೆ ಮಬ್ಬಾದ ದ್ರವವಾಯಿತು. ಇನ್ನೂ ಕಾಯಿಸಿದಾಗ 178.5 ಡಿಗ್ರಿಯಲ್ಲಿ ಆ ಮಬ್ಬು ಹೋಗಿ ತಿಳಿಯಾಯಿತು. ಶುದ್ಧ ಪದಾರ್ಥಕ್ಕೆ ಒಂದೇ ಕರಗುವ ಬಿಂದು ಎಂದು ನಾವು ಪಾಠ ಹೇಳುತ್ತೇವಲ್ಲ, ಇಲ್ಲಿ ಎರಡು ಇದ್ದವು. ರೈನಿಟ್ಸರ್ ಈ ಒಗಟನ್ನು ಜರ್ಮನಿಯ ಭೌತವಿಜ್ಞಾನಿ ಒಟ್ಟೊ ಲೇಮನ್ ಅವರಿಗೆ ಬರೆದು ಕಳುಹಿಸಿದರು. ಲೇಮನ್ ಬಳಿ ಪದಾರ್ಥವನ್ನು ಕಾಯಿಸುತ್ತಲೇ ನೋಡಬಲ್ಲ ಸೂಕ್ಷ್ಮದರ್ಶಕವಿತ್ತು. ಆ ಮಬ್ಬು ದ್ರವ ಹರಿಯುತ್ತದೆ, ಆದರೂ ಬೆಳಕಿನ ವಿಷಯದಲ್ಲಿ ಸ್ಫಟಿಕದಂತೆ ವರ್ತಿಸುತ್ತದೆ ಎಂದು ಅವರು ಕಂಡುಕೊಂಡರು.

ಇದನ್ನು ಹೀಗೆ ಊಹಿಸಿಕೊಳ್ಳಿ. ಶಾಲೆಯ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳು ಘನ ಸ್ಫಟಿಕ. ಪ್ರತಿಯೊಬ್ಬರ ಜಾಗವೂ ಗೊತ್ತು, ಮುಖದ ದಿಕ್ಕೂ ಗೊತ್ತು. ಗಂಟೆ ಹೊಡೆದ ಮೇಲೆ ಮೈದಾನದಲ್ಲಿ ಓಡಾಡುವ ಮಕ್ಕಳು ಸಾಮಾನ್ಯ ದ್ರವ. ಜಾಗವೂ ಇಲ್ಲ, ದಿಕ್ಕೂ ಇಲ್ಲ. ರಥೋತ್ಸವದಲ್ಲಿ ತೇರಿನ ಜೊತೆ ಸಾಗುವ ಜನಸಂದಣಿ ಇದೆಯಲ್ಲ, ಅದು ದ್ರವ ಸ್ಫಟಿಕ. ಯಾರ ಜಾಗವೂ ಸ್ಥಿರವಲ್ಲ, ಆದರೆ ಎಲ್ಲರ ಮುಖವೂ ಬಹುಮಟ್ಟಿಗೆ ಒಂದೇ ದಿಕ್ಕಿಗೆ. ದ್ರವ ಸ್ಫಟಿಕದ ಕಡ್ಡಿಯಂತಹ ಉದ್ದನೆಯ ಅಣುಗಳು ಹೀಗೆ ಒಂದೇ ದಿಕ್ಕಿಗೆ ಮುಖಮಾಡಿ ತೇಲುತ್ತಿರುತ್ತವೆ.

ತಿರುಗುವ ಅಣು, ತೆರೆಯುವ ಕಿಟಕಿ

ಪರದೆಯಲ್ಲಿ ಈ ದ್ರವವನ್ನು ಎರಡು ಗಾಜಿನ ಹಾಳೆಗಳ ನಡುವೆ ತುಂಬಿರುತ್ತಾರೆ. ಹಾಳೆಗಳ ನಡುವಿನ ಅಂತರ ಕೆಲವೇ ಮೈಕ್ರೋಮೀಟರ್. ನಮ್ಮ ತಲೆಕೂದಲಿನ ದಪ್ಪದ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಗಾಜಿನ ಹೊರಗೆ ಎರಡೂ ಕಡೆ ಧ್ರುವಕ ಹಾಳೆಗಳಿರುತ್ತವೆ. ಬೆಳಕಿನ ಅಲೆಗಳಲ್ಲಿ ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಕಂಪಿಸುವವನ್ನು ಮಾತ್ರ ಬಿಟ್ಟು ಉಳಿದವನ್ನು ತಡೆಯುವುದು ಧ್ರುವಕದ ಕೆಲಸ. ಎರಡು ಧ್ರುವಕಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟರೆ ಬೆಳಕು ಆಚೆ ಬರುವುದಿಲ್ಲ.

ಕೈಗಡಿಯಾರ, ಕ್ಯಾಲ್ಕುಲೇಟರುಗಳ ಸರಳ ಪರದೆಯಲ್ಲಿ ಅಣುಗಳು ಒಂದು ಗಾಜಿನಿಂದ ಇನ್ನೊಂದು ಗಾಜಿನವರೆಗೆ ಸುರುಳಿ ಮೆಟ್ಟಿಲಿನಂತೆ 90 ಡಿಗ್ರಿ ತಿರುಚಿಕೊಂಡಿರುತ್ತವೆ. ಬೆಳಕಿನ ಕಂಪನದ ದಿಕ್ಕೂ ಅವುಗಳೊಡನೆ ತಿರುಗಿ ಎರಡನೆಯ ಧ್ರುವಕವನ್ನು ದಾಟುತ್ತದೆ. ವಿದ್ಯುತ್ ಕೊಟ್ಟಾಗ ಅಣುಗಳು ಎದ್ದು ನೆಟ್ಟಗೆ ನಿಲ್ಲುತ್ತವೆ, ಸುರುಳಿ ಬಿಚ್ಚಿಹೋಗುತ್ತದೆ, ಬೆಳಕು ಅಲ್ಲೇ ನಿಲ್ಲುತ್ತದೆ. ಆ ಜಾಗ ಕಪ್ಪಾಗಿ ಕಾಣುತ್ತದೆ. ವಿದ್ಯುತ್ ತೆಗೆದರೆ ಅಣುಗಳು ಮತ್ತೆ ಸುರುಳಿಗೆ ಮರಳುತ್ತವೆ. ಇಂದಿನ ಮೊಬೈಲ್ ಪರದೆಗಳಲ್ಲಿ ಅಣುಗಳು ಎದ್ದು ನಿಲ್ಲುವ ಬದಲು ಗಾಜಿನ ಸಮತಲದಲ್ಲೇ ಪಕ್ಕಕ್ಕೆ ತಿರುಗುವ ವಿಧಾನ ಹೆಚ್ಚು ಬಳಕೆಯಲ್ಲಿದೆ. ವಿಧಾನ ಯಾವುದಾದರೂ ತತ್ತ್ವ ಒಂದೇ. ಚಿತ್ರ ಬದಲಾಗಬೇಕಾದರೆ ಅಣುಗಳು ನಿಜವಾಗಿಯೂ ತಿರುಗಬೇಕು, ಅದೂ ಒಂದು ದ್ರವದ ಮಧ್ಯೆ.

ಚಳಿಯಲ್ಲಿ ನೆರಳು ಏಕೆ?

ಇಲ್ಲಿಗೆ ಚಳಿ ಬರುತ್ತದೆ. ದ್ರವ ತಣ್ಣಗಾದಷ್ಟೂ ಅದರ ಸ್ನಿಗ್ಧತೆ ಹೆಚ್ಚುತ್ತದೆ. ಜೋನಿಬೆಲ್ಲವನ್ನು ಬೇಸಿಗೆಯಲ್ಲಿ ಸುರಿಯುವುದಕ್ಕೂ ಚಳಿಗಾಲದಲ್ಲಿ ಸುರಿಯುವುದಕ್ಕೂ ಇರುವ ವ್ಯತ್ಯಾಸವನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ದ್ರವ ಸ್ಫಟಿಕದಲ್ಲೂ ಹಾಗೆಯೇ. ಕೋಣೆಯ ಉಷ್ಣತೆಯಲ್ಲಿ ಸರಾಗವಾಗಿ ತಿರುಗುತ್ತಿದ್ದ ಅಣುಗಳು ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಹೋದಾಗ ಕೆಸರುಗದ್ದೆಯಲ್ಲಿ ಕಾಲೆತ್ತಿ ಇಡುವವನಂತೆ ನಿಧಾನವಾಗಿ ತಿರುಗುತ್ತವೆ. ವಿದ್ಯುತ್ ಕೊಟ್ಟಾಗ ತಿರುಗುವುದಕ್ಕೂ ನಿಧಾನ. ತೆಗೆದಾಗ ಮರಳುವುದಕ್ಕೆ ಇನ್ನೂ ನಿಧಾನ. ಏಕೆಂದರೆ ಮರಳುವಾಗ ಅವನ್ನು ತಳ್ಳುವ ವಿದ್ಯುತ್ತಿನ ಬಲ ಇರುವುದಿಲ್ಲ.

ಒಂದು ಲೆಕ್ಕ ಮಾಡೋಣ. ಸಾಮಾನ್ಯ ಪರದೆಯೊಂದು ಸೆಕೆಂಡಿಗೆ 60 ಸಲ ಚಿತ್ರವನ್ನು ಬದಲಿಸುತ್ತದೆ. ಅಂದರೆ ಒಂದು ಚಿತ್ರಕ್ಕೆ ಸಿಗುವ ಕಾಲ ಸೆಕೆಂಡಿನ 60ನೆಯ ಒಂದು ಭಾಗ, ಸುಮಾರು 17 ಮಿಲಿಸೆಕೆಂಡು. ಅಣುಗಳು 10 ಮಿಲಿಸೆಕೆಂಡಿನಲ್ಲಿ ತಿರುಗಿದರೆ ಕೆಲಸ ಸಲೀಸು. ಚಳಿಯಿಂದಾಗಿ ಅವಕ್ಕೆ 100 ಮಿಲಿಸೆಕೆಂಡು ಬೇಕಾಯಿತು ಎಂದಿಟ್ಟುಕೊಳ್ಳಿ. ಆಗ ಮೊದಲಿನ ಚಿತ್ರ ಅಳಿಯುವುದರೊಳಗೆ ಇನ್ನೂ ಐದಾರು ಚಿತ್ರಗಳು ಅದರ ಮೇಲೆ ಬಂದಿರುತ್ತವೆ. ಬರಹವನ್ನು ಮೇಲಕ್ಕೆ ಸರಿಸಿದರೆ ಅಕ್ಷರಗಳ ಹಿಂದೆ ಬಾಲ ಬೆಳೆಯುತ್ತದೆ. ಒಂದು ಪುಟದ ನೆರಳು ಮುಂದಿನ ಪುಟದ ಮೇಲೆ ಉಳಿಯುತ್ತದೆ. ಬಣ್ಣಗಳು ಪೇಲವವಾಗುತ್ತವೆ. ಚಳಿ ಇನ್ನೂ ಹೆಚ್ಚಾಗಿ ದ್ರವವೇ ಘನವಾದರೆ ಅಣುಗಳು ತಿರುಗುವುದನ್ನೇ ಬಿಡುತ್ತವೆ. ಪರದೆ ಯಾವ ಆಜ್ಞೆಗೂ ಓಗೊಡುವುದಿಲ್ಲ.

ಇಷ್ಟಾದರೂ ಪರದೆ ಕೆಟ್ಟಿಲ್ಲ ಎಂಬುದನ್ನು ಗಮನಿಸಿ. ಬೆಚ್ಚಗಾದಾಗ ಸ್ನಿಗ್ಧತೆ ಇಳಿಯುತ್ತದೆ, ಅಣುಗಳು ಮತ್ತೆ ಚುರುಕಾಗುತ್ತವೆ. ಇದು ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ ಅಲ್ಲ. ಎಂಟನೆಯ ತರಗತಿಯ ಮಕ್ಕಳು ಈ ಎರಡರ ವ್ಯತ್ಯಾಸಕ್ಕೆ ಉದಾಹರಣೆ ಕೊಡಲು ಪರದಾಡುತ್ತಾರೆ. ಇದನ್ನೇ ಬರೆಯಬಹುದು.

ಒಎಲ್‌ಇಡಿ ಪರದೆಯಲ್ಲಿ ತಿರುಗಬೇಕಾದ ಅಣುಗಳಿಲ್ಲ. ಆದ್ದರಿಂದ ಚಳಿಯಲ್ಲೂ ಅದು ಬಾಲ, ನೆರಳುಗಳನ್ನು ಬಿಡದೆ ಥಟ್ಟನೆ ಬದಲಾಗುತ್ತದೆ. ಚಳಿನಾಡಿಗೆ ಹೋಗುವವರು ಹೊಸ ಫೋನು ಕೊಳ್ಳುವುದೇ ಆದರೆ ಈ ಅಂಶವನ್ನು ನೆನಪಿನಲ್ಲಿಡಬಹುದು. ಇದಕ್ಕಾಗಿಯೇ ಸಾಲ ಮಾಡಿ ದುಬಾರಿ ಫೋನು ಕೊಳ್ಳುವ ಅಗತ್ಯವಂತೂ ಇಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

ಮಿಶ್ರಣದ ಮಹಿಮೆ

ಹಾಗಾದರೆ ಎಲ್ಲ ಎಲ್‌ಸಿಡಿ ಪರದೆಗಳೂ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯಂತೆ ಏಕೆ ಹೆಪ್ಪುಗಟ್ಟುವುದಿಲ್ಲ? ಇದರ ಹಿಂದೆ ರಸಾಯನಶಾಸ್ತ್ರಜ್ಞರ ದೊಡ್ಡ ಶ್ರಮವಿದೆ. ಮೊದಮೊದಲು ತಿಳಿದಿದ್ದ ದ್ರವ ಸ್ಫಟಿಕಗಳಲ್ಲಿ ಹೆಚ್ಚಿನವನ್ನು ಚೆನ್ನಾಗಿ ಕಾಯಿಸಿದರೆ ಮಾತ್ರ ಆ ಸ್ಥಿತಿಗೆ ಬರುತ್ತಿದ್ದವು. ಜೇಬಿನಲ್ಲಿ ಒಲೆ ಇಟ್ಟುಕೊಂಡು ಓಡಾಡಲು ಸಾಧ್ಯವೆ?

ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ಮತ್ತು ಸಂಗಡಿಗರು 1973ರಲ್ಲಿ ಸೈನೋಬೈಫಿನೈಲ್ ಎಂಬ ಗುಂಪಿನ ಪದಾರ್ಥಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಪ್ರಸಿದ್ಧವಾದ ಒಂದು, ಸುಮಾರು 24 ಡಿಗ್ರಿಯಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗೆ ದ್ರವ ಸ್ಫಟಿಕವಾಗಿರುತ್ತದೆ. ಕೊಬ್ಬರಿ ಎಣ್ಣೆ ಕರಗುವುದೂ ಹೆಚ್ಚುಕಡಿಮೆ ಅದೇ 24 ಡಿಗ್ರಿಯಲ್ಲಿ! ಅದೊಂದನ್ನೇ ತುಂಬಿದ್ದರೆ ನಮ್ಮ ಬೆಂಗಳೂರಿನ ಮುಂಜಾನೆಗೇ ಪರದೆ ಹೆಪ್ಪುಗಟ್ಟುತ್ತಿತ್ತು.

ದಾರಿ ತೋರಿಸಿದ್ದು ಮಿಶ್ರಣ. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಅದು ಕರಗುವ ಉಷ್ಣತೆ ಶೂನ್ಯಕ್ಕಿಂತ ಬಹಳ ಕೆಳಗಿಳಿಯುತ್ತದೆ ಎಂದು ನಾವು ಓದಿದ್ದೇವೆ. ಕೈಯಿಂದ ತಿರುಗಿಸಿ ಐಸ್‌ಕ್ರೀಂ ಮಾಡುವವರು ಬಳಸುತ್ತಿದ್ದ ಉಪಾಯವೇ ಅದು. ಹಾಗೆಯೇ ಹೋಲಿಕೆಯುಳ್ಳ ಹಲವು ದ್ರವ ಸ್ಫಟಿಕಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದಾಗ ಮಿಶ್ರಣವು ಅವುಗಳಲ್ಲಿ ಯಾವೊಂದಕ್ಕಿಂತಲೂ ಕಡಿಮೆ ಉಷ್ಣತೆಯವರೆಗೆ ದ್ರವವಾಗಿ ಉಳಿಯುತ್ತದೆ. ‘ಇ7’ ಎಂಬ ಹೆಸರಾಂತ ಮಿಶ್ರಣದಲ್ಲಿ ನಾಲ್ಕು ಪದಾರ್ಥಗಳಿವೆ. ಅದು ಶೂನ್ಯಕ್ಕಿಂತ ಸುಮಾರು 10 ಡಿಗ್ರಿ ಕೆಳಗಿನಿಂದ ಸುಮಾರು 60 ಡಿಗ್ರಿಯವರೆಗೆ ಕೆಲಸ ಮಾಡುತ್ತದೆ. ಇಂದಿನ ಮಿಶ್ರಣಗಳು ಇನ್ನೂ ಕೆಳಕ್ಕೆ ಹೋಗಬಲ್ಲವು. ಕಾರುಗಳ ಮುಂಭಾಗದ ಪರದೆಗಳನ್ನು ಶೂನ್ಯಕ್ಕಿಂತ 30 ಡಿಗ್ರಿ ಕೆಳಗೂ ನಡೆಯುವಂತೆ ತಯಾರಿಸುತ್ತಾರೆ. ತೀರ ಚಳಿಯ ಪ್ರದೇಶಗಳಲ್ಲಿ ಹೊರಾಂಗಣದಲ್ಲಿ ನಿಲ್ಲಿಸುವ ಯಂತ್ರಗಳ ಪರದೆಗಳಿಗೆ ಬೆಚ್ಚಗಾಗಿಸುವ ಪಾರದರ್ಶಕ ಪದರವನ್ನೂ ಅಂಟಿಸುವುದುಂಟು.

ಈ ವಿಜ್ಞಾನದಲ್ಲಿ ಕನ್ನಡ ನೆಲದ ಪಾಲೂ ಇದೆ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಸರ್ ಸಿ.ವಿ. ರಾಮನ್ ಅವರ ಸೋದರಿಯ ಮಗನಾದ ಪ್ರೊ. ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. ಅದುವರೆಗೆ ಕಡ್ಡಿಯಾಕಾರದ ಅಣುಗಳೇ ದ್ರವ ಸ್ಫಟಿಕವಾಗಬಲ್ಲವು ಎಂಬ ಭಾವನೆ ಬಲವಾಗಿತ್ತು. 1977ರಲ್ಲಿ ಚಂದ್ರಶೇಖರ್, ಸದಾಶಿವ, ಸುರೇಶ್ ಮೂವರೂ ಸೇರಿ ಬಿಲ್ಲೆಯಾಕಾರದ ಅಣುಗಳೂ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ನಿಂತು ದ್ರವ ಸ್ಫಟಿಕವಾಗುತ್ತವೆಂದು ತೋರಿಸಿದರು. ಆ ಲೇಖನ ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಎಂಬ ವಿಜ್ಞಾನ ಪತ್ರಿಕೆಯಲ್ಲಿ. ಪಕ್ಕದಿಂದ ನೋಡಿದರೂ ಚಿತ್ರ ಮಂಕಾಗದಂತೆ ಮಾಡಲು ಎಲ್‌ಸಿಡಿ ಪರದೆಗಳಿಗೆ ಅಂಟಿಸುವ ಹಾಳೆಗಳಲ್ಲಿ ಮುಂದೆ ಇಂಥ ಬಿಲ್ಲೆಯಾಕಾರದ ಅಣುಗಳು ಬಳಕೆಗೆ ಬಂದವು.

ಕಪ್ಪಾದ ಪರದೆಗೆ ಹೊಣೆ ಯಾರು?

ಚಳಿಯಲ್ಲಿ ಪರದೆ ನಿಧಾನವಾಗುವುದು ಒಂದು ಮಾತು. ಇದ್ದಕ್ಕಿದ್ದಂತೆ ಪೂರ್ತಿ ಕಪ್ಪಾಗುವುದು ಬೇರೆ ಮಾತು. ಎರಡನೆಯದರಲ್ಲಿ ತಪ್ಪು ಸಾಮಾನ್ಯವಾಗಿ ಪರದೆಯದಲ್ಲ, ಬ್ಯಾಟರಿಯದು. ಒಎಲ್‌ಇಡಿ ಪರದೆಯ ದುಬಾರಿ ಫೋನೂ ಚಳಿಯಲ್ಲಿ ಸತ್ತಂತೆ ಬೀಳುವುದು ಇದರಿಂದಲೇ.

ಫೋನಿನಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಇದು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಇದನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಂ, ಯೊಶಿನೊ ಮೂವರಿಗೂ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಈ ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳು ಒಂದು ದ್ರವದ ಮೂಲಕ ಈಜಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತವೆ. ಚಳಿಗೆ ಆ ದ್ರವವೂ ಮಂದವಾಗುತ್ತದೆ, ಅಲ್ಲಿನ ರಾಸಾಯನಿಕ ಕ್ರಿಯೆಯೂ ನಿಧಾನವಾಗುತ್ತದೆ. ಪರಿಣಾಮವಾಗಿ ಬ್ಯಾಟರಿಯ ಆಂತರಿಕ ರೋಧ ಹೆಚ್ಚುತ್ತದೆ.

ಪಿಯುಸಿ ವಿದ್ಯಾರ್ಥಿಗಳು ಓದಿರುವ ಸೂತ್ರವನ್ನೇ ಇಲ್ಲಿ ಹಚ್ಚಿ ನೋಡೋಣ. ಹೊರಗೆ ಸಿಗುವ ವೋಲ್ಟೇಜ್ ಎಂದರೆ ಬ್ಯಾಟರಿಯ ವಿದ್ಯುಚ್ಚಾಲಕ ಬಲದಿಂದ, ಹರಿಯುವ ವಿದ್ಯುತ್ತು ಮತ್ತು ಆಂತರಿಕ ರೋಧಗಳ ಗುಣಲಬ್ಧವನ್ನು ಕಳೆದಾಗ ಉಳಿಯುವುದು. ಬಲ 3.7 ವೋಲ್ಟ್, ಹರಿಯುವುದು 2 ಆಂಪೇರ್, ರೋಧ 0.1 ಓಮ್ ಎಂದಿಟ್ಟುಕೊಳ್ಳಿ. ಒಳಗೆ 0.2 ವೋಲ್ಟ್ ನಷ್ಟವಾಗಿ 3.5 ವೋಲ್ಟ್ ಸಿಗುತ್ತದೆ. ಚಳಿಯಿಂದ ರೋಧ 0.3 ಓಮ್ ಆದರೆ ನಷ್ಟ 0.6 ವೋಲ್ಟ್, ಸಿಗುವುದು 3.1 ವೋಲ್ಟ್ ಮಾತ್ರ. 3.3 ವೋಲ್ಟಿಗಿಂತ ಕೆಳಗಿಳಿದರೆ ತಾನಾಗಿ ಆರಿಹೋಗುವಂತೆ ಫೋನನ್ನು ಮಾಡಿದ್ದರೆ ಅದು ಆರಿಹೋಗುತ್ತದೆ, ಬ್ಯಾಟರಿಯಲ್ಲಿ ಶೇಕಡ 30ರಷ್ಟು ಶಕ್ತಿ ಉಳಿದಿದ್ದರೂ ಕೂಡ! ತೊಟ್ಟಿಯಲ್ಲಿ ನೀರಿದೆ, ಆದರೆ ಕೊಳಾಯಿ ಕಟ್ಟಿಕೊಂಡಿದೆ. ಫೋನು ಬೆಚ್ಚಗಾದ ಮೇಲೆ ಆ ಶೇಕಡ 30 ಮತ್ತೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಹಳೆಯ ಬ್ಯಾಟರಿಯಲ್ಲಿ ರೋಧ ಮೊದಲೇ ಹೆಚ್ಚಿರುವುದರಿಂದ ಅದು ಚಳಿಗೆ ಬೇಗ ಸೋಲುತ್ತದೆ.

ತಯಾರಕರು ಇದನ್ನು ಮುಚ್ಚಿಟ್ಟಿಲ್ಲ. ಆಪಲ್ ಕಂಪನಿ ತನ್ನ ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಬೇಕೆಂದೂ, ಬಳಸದೆ ಇಡುವಾಗ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನಿಂದ 45 ಡಿಗ್ರಿಯವರೆಗೆ ಇರಬಹುದೆಂದೂ ಹೇಳುತ್ತದೆ. ಫೋನಿನ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಹಾಳೆಯನ್ನು ಓದುವವರು ಕಡಿಮೆ, ಅಷ್ಟೆ.

ಬೆರಳನ್ನು ಗುರುತಿಸದ ಗಾಜು

ಮೂರನೆಯ ತೊಂದರೆ ಸ್ಪರ್ಶದ್ದು. ಪರದೆಯ ಮೇಲಿನ ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಾಹಕಗಳ ಜಾಲವಿರುತ್ತದೆ. ನಮ್ಮ ದೇಹ ವಿದ್ಯುದ್ವಾಹಕವಾದ್ದರಿಂದ ಬೆರಳು ಸಮೀಪಿಸಿದಾಗ ಅಲ್ಲಿನ ವಿದ್ಯುದಾವೇಶದ ಹಂಚಿಕೆ ಬದಲಾಗುತ್ತದೆ. ಫೋನು ಅದನ್ನು ಸ್ಪರ್ಶವೆಂದು ತಿಳಿಯುತ್ತದೆ. ಒತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ. ಉಣ್ಣೆಯ ಕೈಚೀಲ ತೊಟ್ಟರೆ ಬೆರಳಿಗೂ ಗಾಜಿಗೂ ನಡುವೆ ದಪ್ಪ ಅವಾಹಕ ಬಂದಂತಾಯಿತು. ಎಷ್ಟು ಒತ್ತಿದರೂ ಫೋನಿಗೆ ತಿಳಿಯದು. ಚಳಿಯ ಒಣಹವೆಗೆ ಚರ್ಮ ಒಣಗಿ ಬಿರಿದಿದ್ದರೂ ಸಂಕೇತ ದುರ್ಬಲವಾಗಬಹುದು. ಹಿಮ ಕರಗಿ ಬಿದ್ದ ನೀರ ಹನಿಯನ್ನೇ ಫೋನು ಬೆರಳೆಂದು ಭ್ರಮಿಸುವುದೂ ಉಂಟು. ಬೆರಳ ತುದಿಯಲ್ಲಿ ವಾಹಕ ನೂಲು ಹೆಣೆದ ಕೈಚೀಲಗಳು ಚಳಿನಾಡುಗಳ ಅಂಗಡಿಗಳಲ್ಲಿ ಸಿಗುತ್ತವೆ. ಇವನ್ನು ಕೊಳ್ಳುವುದು ದುಂದುಗಾರಿಕೆಯಲ್ಲ. ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿನ ಗಾಳಿಯಲ್ಲಿ ಬರಿಗೈ ತೆಗೆಯುವುದು ಫೋನಿಗಿಂತ ಬೆರಳಿಗೆ ಅಪಾಯ.

ಗಾಳಿಯ ವಿಷಯ ಬಂದದ್ದರಿಂದ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ತಿದ್ದಬೇಕು. ಕೆನಡಾದ ಹವಾಮಾನ ವರದಿಗಳಲ್ಲಿ ‘ಉಷ್ಣತೆ ಮೈನಸ್ 20, ಗಾಳಿಯಿಂದಾಗಿ ಮೈನಸ್ 30ರಂತೆ ಅನಿಸುತ್ತದೆ’ ಎಂದು ಹೇಳುತ್ತಾರೆ. ಆ ಎರಡನೆಯ ಅಂಕಿ ಮನುಷ್ಯರ ಚರ್ಮಕ್ಕೆ ಸಂಬಂಧಿಸಿದ್ದು. ಗಾಳಿ ಬೀಸಿದಾಗ ಫೋನು ಬೇಗ ತಣ್ಣಗಾಗುತ್ತದೆಯೇ ಹೊರತು ಮೈನಸ್ 20ಕ್ಕಿಂತ ಕೆಳಗೆ ಹೋಗುವುದಿಲ್ಲ. ಸುತ್ತಲಿನ ಗಾಳಿಗಿಂತ ತಣ್ಣಗಾಗಲು ಒಣಗಿದ ಫೋನಿಗೆ ದಾರಿಯಿಲ್ಲ.

ಕೆಡಿಸುವುದು ಚಳಿಯಲ್ಲ, ಅವಸರ

ಇದುವರೆಗೆ ಹೇಳಿದ ಮೂರು ತೊಂದರೆಗಳೂ ತಾತ್ಕಾಲಿಕ. ಫೋನು ಬೆಚ್ಚಗಾದರೆ ಎಲ್ಲವೂ ಸರಿಹೋಗುತ್ತದೆ. ನಿಜವಾದ ಹಾನಿ ನಡೆಯುವುದು ಫೋನನ್ನು ಬೇಗ ಸರಿಮಾಡುತ್ತೇನೆಂದು ನಾವು ಹೊರಟಾಗ.

ಮೊದಲನೆಯದು, ಹೆಪ್ಪುಗಟ್ಟಿದ ಫೋನನ್ನು ಹೀಟರಿನ ಮೇಲಿಡುವುದು, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದುವುದು. ಗಾಜು, ಲೋಹ, ಪ್ಲಾಸ್ಟಿಕ್, ಅಂಟು ಇವು ಬಿಸಿಯಾದಾಗ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಥಟ್ಟನೆ ಕಾಯಿಸಿದರೆ ಹೊರಭಾಗ ಹಿಗ್ಗಿ ಒಳಭಾಗ ಹಿಂದೆ ಉಳಿಯುತ್ತದೆ. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದರೆ ಲೋಟ ಸೀಳುವ ಹಾಗೆ. ಮೊದಲೇ ಸಣ್ಣ ಬಿರುಕಿದ್ದ ಪರದೆಯಾದರೆ ಬಿರುಕು ಬೆಳೆಯಬಹುದು, ಅಂಟು ಬಿಡಬಹುದು.

ಎರಡನೆಯದು, ಹೊರಗಿನಿಂದ ಬಂದ ಕೂಡಲೇ ಚಾರ್ಜಿಗೆ ಹಾಕುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂಡಬೇಕು. ಬ್ಯಾಟರಿ ಶೂನ್ಯಕ್ಕಿಂತ ತಣ್ಣಗಿರುವಾಗ ಅವು ಸಾಕಷ್ಟು ವೇಗವಾಗಿ ಒಳಗೆ ಹೋಗಲಾರದೆ ಹೊರಮೈಯಲ್ಲೇ ಲಿಥಿಯಂ ಲೋಹವಾಗಿ ಲೇಪಗೊಳ್ಳುತ್ತವೆ. ಹೀಗೆ ಹೋದ ಸಾಮರ್ಥ್ಯದಲ್ಲಿ ಬಹುಪಾಲು ಮರಳಿ ಬರುವುದಿಲ್ಲ. ಲೋಹ ಮುಳ್ಳಿನಂತೆ ಬೆಳೆದು ಒಳಗೆ ತುದಿಗಳು ಕೂಡಿಕೊಂಡರೆ ಬೆಂಕಿಯ ಭಯವೂ ಉಂಟು. ಅನೇಕ ಫೋನುಗಳು ತೀರ ತಣ್ಣಗಿರುವಾಗ ಚಾರ್ಜ್ ಆಗುವುದನ್ನು ತಾವೇ ತಡೆಯುತ್ತವೆ. ಎಲ್ಲವೂ ಹಾಗೆ ಮಾಡುತ್ತವೆಂದು ನಂಬಿ ಕೂರಬಾರದು.

ಮೂರನೆಯದು ತೇವ. ಎ.ಸಿ. ಬಸ್ಸಿನಿಂದ ಮಂಗಳೂರಿನಲ್ಲಿ ಇಳಿದ ಕೂಡಲೇ ಕನ್ನಡಕ ಮಬ್ಬಾಗುವುದನ್ನು ನೋಡಿದ್ದೀರಿ. ತಣ್ಣನೆಯ ವಸ್ತುವಿಗೆ ಬೆಚ್ಚನೆಯ, ತೇವದ ಗಾಳಿ ತಗುಲಿದಾಗ ಆವಿ ಹನಿಗಟ್ಟುತ್ತದೆ. ಹೆಪ್ಪುಗಟ್ಟುವ ಬಯಲಿನಿಂದ ಬೆಚ್ಚನೆಯ ಕೋಣೆಗೆ, ಅದರಲ್ಲೂ ಅಡುಗೆಮನೆಗೆ ಬಂದ ಫೋನಿನ ಮೇಲೂ ಒಳಗೂ ಇದೇ ಆಗಬಹುದು. ಮನೆಯೊಳಗೆ ಬರುವ ಮೊದಲೇ ಫೋನನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿದರೆ ಹನಿಗಳು ಚೀಲದ ಹೊರಮೈಯಲ್ಲಿ ನಿಲ್ಲುತ್ತವೆ. ಅರ್ಧ ಮುಕ್ಕಾಲು ಗಂಟೆ ಕಾದು, ಕೋಣೆಯ ಉಷ್ಣತೆಗೆ ಬಂದ ಮೇಲೆ ತೆಗೆಯಿರಿ. ಆಮೇಲೆ ಚಾರ್ಜಿಗೆ ಹಾಕಿ.

ಮಾಡಿ ನೋಡಿ

ಇದನ್ನು ಪರೀಕ್ಷಿಸಲು ಲಡಾಖಿಗೆ ಹೋಗಬೇಕಾಗಿಲ್ಲ. ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಉಷ್ಣತೆ ಸುಮಾರು ಮೈನಸ್ 18 ಡಿಗ್ರಿ ಇರುತ್ತದೆ. ಫೋನನ್ನು ಮಾತ್ರ ಅದರಲ್ಲಿಡಬೇಡಿ. ಅಂಕಿ ತೋರಿಸುವ ಅಗ್ಗದ, ಹಳೆಯ ಕೈಗಡಿಯಾರ ಸಾಕು. ಸೆಕೆಂಡು ಬದಲಾಗುವುದು ಕಾಣುವಂತಿರಬೇಕು. ಹಿರಿಯರ ಒಪ್ಪಿಗೆ ಪಡೆದು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ಗಂಟೆ ಒಳಗಿಡಿ. ತೆಗೆದ ಕೂಡಲೇ ಚೀಲದ ಮೂಲಕವೇ ಸೆಕೆಂಡಿನ ಅಂಕಿಗಳನ್ನು ಗಮನಿಸಿ. ಹಳೆಯ ಅಂಕಿ ಅಳಿಯುವ ಮುನ್ನ ಹೊಸದು ಮೂಡುತ್ತದೆಯೆ? ಎಲ್ಲವೂ 8ರಂತೆ ಕಾಣುತ್ತವೆಯೆ? ಬಣ್ಣ ಪೇಲವವಾಗಿದೆಯೆ? ಮೊದಲಿನಂತಾಗಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದಿಡಿ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಅಂಕಿ ಮಂಕಾದದ್ದು ದ್ರವ ಸ್ಫಟಿಕದಿಂದಲೋ, ಗಡಿಯಾರದ ಪುಟ್ಟ ಬ್ಯಾಟರಿಯಿಂದಲೋ? ಇನ್ನೊಮ್ಮೆ ತಣ್ಣಗೆ ಮಾಡಿ ಗಾಜಿನ ಅರ್ಧಭಾಗದ ಮೇಲೆ ಮಾತ್ರ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಇಡಿ. ಬೆರಳಿಟ್ಟ ಕಡೆಯ ಅಂಕಿಗಳು ಮೊದಲು ಚುರುಕಾದರೆ ಕಾರಣ ದ್ರವ ಸ್ಫಟಿಕ. ಏಕೆಂದರೆ ಬ್ಯಾಟರಿ ಎರಡೂ ಕಡೆಗೆ ಒಂದೇ. ಒಂದು ಪರಿಣಾಮಕ್ಕೆ ಎರಡು ಕಾರಣಗಳಿರುವಾಗ ಅವನ್ನು ಹೀಗೆ ಬೇರ್ಪಡಿಸಿ ನೋಡುವುದೇ ವಿಜ್ಞಾನದ ದಾರಿ.

ಹೊರಡುವವರಿಗೆ, ಹೆತ್ತವರಿಗೆ

ಚಳಿನಾಡಿಗೆ ಹೊರಟವರು ಫೋನನ್ನು ಹೊರ ಜೇಬಿನಲ್ಲೋ ಬೆನ್ನಚೀಲದಲ್ಲೋ ಇಡದೆ, ಕೋಟಿನ ಒಳಜೇಬಿನಲ್ಲಿ ಮೈಗೆ ಹತ್ತಿರ ಇಟ್ಟುಕೊಳ್ಳಬೇಕು. ನಮ್ಮ ಮೈ 37 ಡಿಗ್ರಿಯ ಒಲೆ. ಇದಕ್ಕಿಂತ ಒಳ್ಳೆಯ, ಅಗ್ಗದ ಹೀಟರು ಇಲ್ಲ. ಹೊರಗೆ ತೆಗೆದಾಗ ಕೆಲಸ ಮುಗಿಸಿ ಬೇಗ ಒಳಗಿಡಬೇಕು. ಜೊತೆಗೆ ಒಯ್ಯುವ ಪವರ್ ಬ್ಯಾಂಕೂ ಅದೇ ಜಾತಿಯ ಬ್ಯಾಟರಿ. ಅದನ್ನೂ ಒಳಗೇ ಇಡಬೇಕು. ಚಾರಣದ ರಾತ್ರಿಗಳಲ್ಲಿ ಎರಡೂ ಮಲಗುವ ಚೀಲದೊಳಗೆ ಇರಲಿ. ಫೋನು ಆರಿಹೋದರೆ ಮತ್ತೆ ಮತ್ತೆ ಒತ್ತಿ ಹೊತ್ತಿಸಲು ಹೋಗದೆ ಹತ್ತಿಪ್ಪತ್ತು ನಿಮಿಷ ಒಳಜೇಬಿನಲ್ಲಿ ಬಿಡಿ.

ಇಷ್ಟು ಮಾಡಿದರೂ ಫೋನು ಕೈಕೊಡಬಹುದು. ಆದ್ದರಿಂದ ಮನೆಯ, ವಸತಿಯ, ಒಬ್ಬಿಬ್ಬರು ಗೆಳೆಯರ ದೂರವಾಣಿ ಸಂಖ್ಯೆಗಳನ್ನೂ ಇಳಿದುಕೊಳ್ಳುವ ಜಾಗದ ವಿಳಾಸವನ್ನೂ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಚಾರಣಿಗರಿಗೆ ಕಾಗದದ ನಕ್ಷೆ ಬೇಕು. ಕಾಗದ ಯಾವ ಚಳಿಗೂ ಆರಿಹೋಗುವುದಿಲ್ಲ.

ಹೆತ್ತವರಿಗೆ ಹೇಳುವುದು ಇಷ್ಟೆ. ಮಗನೋ ಮಗಳೋ ಚಳಿಯ ಊರಿನಲ್ಲಿದ್ದಾಗ ಮಧ್ಯಾಹ್ನ ಮಾಡಿದ ಒಂದು ಕರೆಗೆ ‘ಸ್ವಿಚ್ ಆಫ್’ ಎಂದು ಬಂದ ಮಾತ್ರಕ್ಕೆ ಗಾಬರಿಯಾಗಬೇಡಿ. ಅವರು ಮನೆ ಸೇರಿ, ಫೋನು ಬೆಚ್ಚಗಾಗುವ ಹೊತ್ತನ್ನು ಲೆಕ್ಕ ಹಾಕಿ ದಿನಕ್ಕೊಂದು ಸಮಯವನ್ನು ಮೊದಲೇ ಮಾತಾಡಿಕೊಳ್ಳಿ. ಆ ಹೊತ್ತಿಗೂ ಕರೆ ಬರದಿದ್ದರೆ ಯಾರನ್ನು ವಿಚಾರಿಸಬೇಕು ಎಂಬ ಒಂದು ಹೆಸರು, ಒಂದು ಸಂಖ್ಯೆ ನಿಮ್ಮ ಕೈಯಲ್ಲೂ ಇರಲಿ. ಅದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ, ಫೋನಿನ ಸಹಾಯವಿಲ್ಲದೆ ಓದುವಂತೆ, ಇಂದೇ ಬರೆದಿಡಿ.